ಊರಿನ ಮೂಗು

ಸೂಡಿಹಾಳದಲ್ಲಿ ಮನುಷ್ಯರಿಗೆ ಮಾತ್ರವಲ್ಲ, ಲೈಟಿನ ಕಂಬಗಳಿಗೂ ಮೂಗಿದ್ದವು. ಗದಗಿನಿಂದ ಆಚೆ ಬಯಲಿಗೆ ಮುಖ ಮಾಡಿ ಕುಳಿತ ಈ ಊರಿಗೆ ಬಂದ ಬೀಗರು ಮೊದಲು ಕೇಳುತ್ತಿದ್ದದ್ದೇ ಅದನ್ನು. ಕಂಬದ ಮೇಲೆ ಸೋರೆಬುರುಡೆಯಂಥದ್ದು ಕೂತು ಸುಂಯ್ ಎಂದು ಉಸಿರೆಳೆಯುತ್ತದಲ್ಲ, ಏನದು? "ನಮ್ಮೂರ ಮೂಗ್ರೀ ಅದು. ನೀವು ಇವತ್ತ ಜಳಕಾ ಮಾಡೀರೋ ಇಲ್ಲೋ ನೋಡಾಕತ್ತೈತಿ" ಎಂದು ಊರವರು ಕಾಲೆಳೆಯುತ್ತಿದ್ದರು. ಬೀಗರು ನಕ್ಕು ಮುಗಿಸಿದ ಮೇಲೆ ಯಾರಾದರೂ ನಿಜ ಹೇಳುತ್ತಿದ್ದರು. ಆಮೇಲೆ ನಗಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ.

ನಿಜವೆಂದರೆ ಪಾರ್ಥೇನಿಯಂ ಕಸ. ಅಜ್ಜಂದಿರ ಕಾಲದಲ್ಲಿ ಅದು ಮೊಣಕಾಲೆತ್ತರ ಬೆಳೆದು, ಕಿತ್ತವರ ಕೈಗೆ ತುರಿಕೆ ಹಚ್ಚಿ ಸುಮ್ಮನಾಗುತ್ತಿತ್ತಂತೆ. ಬಿಸಿಲು ಏರಿ, ಮಳೆ ಹೊತ್ತುಗೊತ್ತಿಲ್ಲದೆ ಸುರಿಯತೊಡಗಿದ ವರ್ಷಗಳಲ್ಲಿ ಅದು ಆಳೆತ್ತರವಾಯಿತು. ಅದರ ಪರಾಗ ಬೀಸಿದ ಹಿಟ್ಟಿಗಿಂತ ನುಣ್ಣಗಾಯಿತು. ಶ್ರಾವಣ ಹಿಡಿಯಿತೆಂದರೆ ದೀಪಾವಳಿ ದಾಟುವವರೆಗೂ ಗಾಳಿಯಲ್ಲಿ ಅದೇ. ಊರಿನ ಹೆಚ್ಚಿನವರಿಗೆ ಅದರಿಂದ ಸೀನು, ಕಣ್ಣುರಿ, ಅಷ್ಟೆ. ಕೆಲವರ ಮೈ ಮಾತ್ರ ಆ ಬಡ ಪರಾಗವನ್ನು ಮಹಾ ವೈರಿಯೆಂದು ತಪ್ಪು ತಿಳಿದು ದಂಡು ಕಟ್ಟಿಕೊಂಡು ಮೇಲೆ ಬೀಳುತ್ತಿತ್ತು. ಆ ಜಗಳದಲ್ಲಿ ಗಂಟಲು ಊದಿ, ಉಸಿರಿನ ದಾರಿ ಮುಚ್ಚಿ, ಮನುಷ್ಯ ನೋಡನೋಡುತ್ತಲೇ ಹೋಗಿಬಿಡುತ್ತಿದ್ದ. ಅಂಥವರಿಗೆ ಊರಿನಲ್ಲಿ ಒಳಗಿನವರು ಎಂದು ಹೆಸರು. ವರ್ಷಕ್ಕೆ ನಾಲ್ಕು ತಿಂಗಳು ಅವರು ಮನೆಯ ಒಳಗೇ.

ಜನ ಯಾವುದಕ್ಕಾದರೂ ಹೊಂದಿಕೊಳ್ಳುತ್ತಾರೆ. ಒಳಗಿನವರ ಮನೆಗೆ ಎರಡು ಬಾಗಿಲು, ನಡುವೆ ಒಂದು ಬಚ್ಚಲು. ಹೊರಗಿನಿಂದ ಬಂದವರು ಅಲ್ಲೇ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ ಒಳಗೆ ಕಾಲಿಡಬೇಕು. ಮದುವೆಗಳೆಲ್ಲ ಕಿಟಕಿಯೇ ಇಲ್ಲದ ಬಂದ್ ಹಾಲ್‌ನಲ್ಲಿ. ಕನ್ಯೆ ನೋಡಲು ಬಂದವರು ಕುಂಡಲಿಗಿಂತ ಮೊದಲು, ಹುಡುಗಿ ಒಳಗಿನಾಕಿಯೋ ಹೊರಗಿನಾಕಿಯೋ ಎಂದು ಕೇಳುವುದೂ ರೂಢಿಯಾಗಿಹೋಗಿತ್ತು. ಹೊಂದಿಕೊಳ್ಳದೆ ಉಳಿದವನೆಂದರೆ ಫಕೀರಪ್ಪ.

ಫಕೀರಪ್ಪ ಬಸ್ ಕಂಡಕ್ಟರ್ ಆಗಿದ್ದವನು. ದಿನಕ್ಕೆ ಸಾವಿರ ಜನರ ಮುಖ ನೋಡಿ, ನೂರು ಜನರ ಜೊತೆ ಜಗಳವಾಡಿ, ರಾತ್ರಿ ಆ ಜಗಳಗಳನ್ನೆಲ್ಲ ಹೆಂಡತಿಗೆ ಅಭಿನಯಿಸಿ ತೋರಿಸಿ ಮಲಗುವ ಆಸಾಮಿ. ಒಂದು ಭಾದ್ರಪದದಲ್ಲಿ ಟಿಕೆಟ್ ಹರಿಯುತ್ತಿದ್ದಂತೆಯೇ ಬಸ್ಸಿನಲ್ಲಿ ನೀಲಿಗಟ್ಟಿ ಬಿದ್ದ. ಬದುಕಿದ, ಆದರೆ ಒಳಗಿನವನಾದ. ಉಸಿರು ಕಟ್ಟಿದರೆ ತೊಡೆಗೆ ಚುಚ್ಚಿಕೊಳ್ಳುವ ಜೀವದ ಸೂಜಿ ಎಲ್ಲ ಒಳಗಿನವರಂತೆ ಅವನ ಜೇಬಿಗೂ ಬಂತು. ಆಗಿನಿಂದ ಹೆಂಡತಿ ಶಿವಲೀಲಾ ದುಡಿಯಲು ಹೊರಟಳು. ಅವಳಿಗೆ ಸಿಕ್ಕಿದ್ದು ಗಾಳಿ ಕಚೇರಿಯ ಕೆಲಸ. ಕಂಬದ ಮೂಗುಗಳು ಕಳಿಸುವ ಸುದ್ದಿಯನ್ನು ಪರದೆಯ ಮೇಲೆ ನೋಡಿ, ಒಳಗಿನವರ ಕೈಪಟ್ಟಿಗಳನ್ನು ಹಸಿರು ಮಾಡಬೇಕೋ ಕೆಂಪು ಮಾಡಬೇಕೋ ತೀರ್ಮಾನಿಸುವುದು. ಹಸಿರಾದರೆ ಹೊರಗೆ ಬರಬಹುದು, ಕೆಂಪಾದರೆ ಬಾಗಿಲು ಮುಚ್ಚಬೇಕು. ಪಟ್ಟಿ ತೊಟ್ಟವರು ಎಲ್ಲಿದ್ದಾರೆಂಬುದೂ ಪರದೆಯಲ್ಲಿ ಕಾಣುತ್ತಿತ್ತು, ಪಟ್ಟಿಯ ಮೂಲಕ ಅವರಿಗೆ ಮಾತೂ ಮುಟ್ಟುತ್ತಿತ್ತು. ತನ್ನ ಗಂಡನಿಗೆ ದಿನವೂ ಕೆಂಪು ತೋರಿಸುವ ಕೆಲಸ ಅವಳದು. ಹಸಿರು ಕೊಡುವ ಆಸೆಯಿಂದಲೇ ಅವಳು ದಿನವೂ ಕಚೇರಿಗೆ ಹೋಗುತ್ತಿದ್ದಳು.

ಆ ವರ್ಷ ಹೊಸ ಮೂಗುಗಳು ಬಂದಿದ್ದವು. ಹಳೆಯವು ಪರಾಗವನ್ನು ಕ್ಯಾಮೆರಾದಲ್ಲಿ ಹಿಡಿದು ಎಣಿಸುತ್ತಿದ್ದವು. ಧೂಳಿಗೂ ಅದಕ್ಕೂ ವ್ಯತ್ಯಾಸ ತಿಳಿಯದೆ ಒದ್ದಾಡುತ್ತಿದ್ದವು. ಕಚೇರಿಯ ಮುಖ್ಯಸ್ಥೆ ಡಾಕ್ಟರ್ ಅಣ್ಣಿಗೇರಿ ಮೇಡಂ ಬೇರೆ ದಾರಿ ಹಿಡಿದರು. ಒಳಗಿನವರ ರಕ್ತದಲ್ಲಿ ಪರಾಗವನ್ನು ಗುರುತಿಸಿ ಗದ್ದಲ ಎಬ್ಬಿಸುವ ಕಣಗಳಿವೆಯಲ್ಲ, ಅವನ್ನೇ ತೆಗೆದು ತೆಳ್ಳನೆಯ ಪೊರೆಯ ಮೇಲೆ ಲೇಪಿಸಿ ಮೂಗಿನೊಳಗೆ ಇಟ್ಟರು. ಪರಾಗ ಬಂದು ಆ ಪೊರೆಗೆ ಅಂಟಿದ ಕ್ಷಣ ಸುದ್ದಿ ಕಚೇರಿಗೆ ಬರುತ್ತಿತ್ತು. ಹತ್ತಾರು ಜನ ರಕ್ತ ಕೊಟ್ಟರು. ಎಲ್ಲಕ್ಕಿಂತ ಚುರುಕಾದ ಪೊರೆ ಫಕೀರಪ್ಪನ ರಕ್ತದ್ದೇ ಆದ್ದರಿಂದ ಊರಿನ ಅರ್ಧ ಕಂಬಗಳಲ್ಲಿ ಅದನ್ನೇ ಕೂರಿಸಿದರು. ಅವನ ಜಂಬ ನೋಡಬೇಕಿತ್ತು.

"ನಾ ಒಳಗ ಕುಂತರೇನಾತು, ನನ್ನ ಮೂಗು ಊರ ತುಂಬ ಅಡ್ಡಾಡಾಕತ್ತೈತಿ," ಎನ್ನುತ್ತಿದ್ದ. "ಯಾರ ಮನ್ಯಾಗ ಏನ್ ಅಡಗಿ ಮಾಡ್ಯಾರ ಅಂತ ನಂಗ ಇಲ್ಲೇ ಗೊತ್ತಾಕ್ಕೈತಿ."

"ಹಂಗಾರ ಇವತ್ತ ನಾ ಏನ್ ಮಾಡೇನಿ ಹೇಳ್ರಿ ನೋಡೂಣು," ಎನ್ನುತ್ತಿದ್ದಳು ಶಿವಲೀಲಾ.

"ನಿನ್ನೀ ಸಾರು ಕಾಸೀ."

ಮಹಾನವಮಿಯ ದಿನ ಕಚೇರಿಯಲ್ಲಿ ಖಂಡೇ ಪೂಜೆ. ಕುಡಗೋಲಿನಿಂದ ಹಿಡಿದು ಲಾರಿಯವರೆಗೆ ಊರಿನ ದುಡಿಯುವ ಸಾಮಾನುಗಳಿಗೆಲ್ಲ ಅಂದು ಬಿಡುವು. ತೊಳೆದು, ಕುಂಕುಮವಿಟ್ಟು, ಹೂವೇರಿಸಿ, ಇಡೀ ವರ್ಷ ದುಡಿದದ್ದಕ್ಕೆ ಕೈಮುಗಿದು ಸುಮ್ಮನೆ ಕೂರಿಸಬೇಕು. ಮೂಗುಗಳೂ ದುಡಿದಿದ್ದವಲ್ಲ? ಅವುಗಳಿಂದಾಗಿ ಆ ಋತುವಿನಲ್ಲಿ ಊರಿನಲ್ಲಿ ಒಂದೂ ಸಾವಾಗಿರಲಿಲ್ಲ. ಅವಕ್ಕೂ ಪೂಜೆಯಾಗಬೇಕೆಂದು ಮೊದಲು ಹೇಳಿದವಳು ಶಿವಲೀಲಾಳೇ. ಮೇಡಂ ನಕ್ಕು ಒಪ್ಪಿದರು. ದುರಸ್ತಿ ನೋಡಿಕೊಳ್ಳುವ ನದಾಫ ಏಣಿ ಹತ್ತಿ ಒಂದೊಂದೇ ಮೂಗನ್ನು ಬಂದ್ ಮಾಡಿ ಒರೆಸಿದ. ಶಿವಲೀಲಾ ಹಿಂದಿನ ದಿನ ಸಂತೆಯಿಂದ ಎರಡು ಬುಟ್ಟಿ ಚೆಂಡುಹೂವು ತರಿಸಿ, ಅಂದು ಬೆಳಿಗ್ಗೆ ಕಚೇರಿಯಲ್ಲೇ ಕೂತು ಕೈ ಅರಿಶಿನವಾಗುವವರೆಗೂ ಮಾಲೆ ಕಟ್ಟಿದ್ದಳು. ಮೂಗಿನ ಕೊರಳಿಗೆ ಒಂದೊಂದು ಮಾಲೆ. ಮೊದಲ ಕಂಬದ ಮಾಲೆಯನ್ನು ಮೇಡಂ ತಾವೇ ಏಣಿ ಹತ್ತಿ ಹಾಕಿದರು. ಕಾಯಿ ಒಡೆದು, ಬೆಲ್ಲ ಹಂಚಿ, ಮೂಗುಗಳನ್ನು ಮತ್ತೆ ಚಾಲೂ ಮಾಡಿದರು. ಗಂಡನ ಜೀವ ಕಾಯುವ ಸಾಮಾನದು, ಶಿವಲೀಲಾಳ ಕಣ್ಣಲ್ಲಿ ನೀರು ಬಂದಿತ್ತು.

ಸಂಜೆ ಮನೆಗೆ ಹೋಗಿ, ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಳು. ಊಟಕ್ಕೆ ಬಡಿಸುವಾಗ ಫಕೀರಪ್ಪ ಮೇಲಿಂದ ಮೇಲೆ ಸೀನಿದ. ಕಣ್ಣಿನ ರೆಪ್ಪೆ ತುಸು ದಪ್ಪಗಾಯಿತು.

"ಜಳಕಾ ಮಾಡಿ ಹೌದಿಲ್ಲೋ?"

"ಮಾಡೇನ್ರೀ. ಹೂ ಕಟ್ಟಿದ ಕೈ, ಬಣ್ಣ ಹೋಗವಲ್ದು."

ಮತ್ತೊಮ್ಮೆ ಸಾಬೂನು ಹಚ್ಚಿ ತೊಳೆದು ಬಂದಳು. ಅವನು ಒಂದು ಮಾತ್ರೆ ನುಂಗಿದ, ಸರಿಹೋಯಿತು. ಅಲ್ಲಿಗೆ ಇಬ್ಬರೂ ಅದನ್ನು ಮರೆತರು.

ಮರುದಿನ ದಶಮಿ. ಆ ಸೀಮೆಯಲ್ಲಿ ದಶಮಿಯ ಸಂಜೆ ಮನೆಯೊಳಗೆ ಕೂತವನು ಮನುಷ್ಯನೇ ಅಲ್ಲ. ಊರ ಹೊರಗಿನ ಬನ್ನಿಕಟ್ಟೆಗೆ ಹೋಗಿ, ಬನ್ನಿ ಎಲೆ ಕಿತ್ತು ತಂದು, ಸಿಕ್ಕಿದವರ ಕೈಗೆಲ್ಲ ಕೊಟ್ಟು ಅಪ್ಪಿಕೊಳ್ಳಬೇಕು. ವರ್ಷದ ಮುನಿಸೆಲ್ಲ ಅಲ್ಲಿಗೆ ಮುಗಿಯಬೇಕು. ಒಳಗಿನವರಿಗೆ ಆ ಭಾಗ್ಯ ತಪ್ಪಿ ಎಷ್ಟೋ ವರ್ಷಗಳಾಗಿದ್ದವು. ಬೆಳಿಗ್ಗೆ ಶಿವಲೀಲಾ ಪರದೆ ನೋಡಿ ಕಣ್ಣುಜ್ಜಿಕೊಂಡಳು. ಎಲ್ಲ ಕಂಬಗಳಲ್ಲೂ ಸೊನ್ನೆಗೆ ಹತ್ತಿರ. ಮಧ್ಯಾಹ್ನವೂ ಹಾಗೇ. ಮೇಡಂಗೆ ಫೋನ್ ಮಾಡಿದಳು. ಅವರೂ ತಮ್ಮ ಮನೆಯಿಂದಲೇ ನೋಡಿ, "ನಿನ್ನಿ ರಾತ್ರಿ ಮಳಿಗೆ ಗಾಳಿ ತೊಳದಂಗ ಕಾಣಸ್ತೈತಿ. ಹಸಿರು ಕೊಡು, ಹಬ್ಬಾ ಮಾಡ್ಲಿ ಪಾಪ," ಎಂದರು. ಶಿವಲೀಲಾ ಊರಿಗೆಲ್ಲ ಹಸಿರು ಕೊಟ್ಟಳು. ಕೊಟ್ಟವಳು ಮೊದಲು ಮಾತಾಡಿದ್ದು ಗಂಡನ ಜೊತೆ.

"ಹೊಸಾ ಅಂಗಿ ಹಾಕ್ಕೋರಿ. ಬನ್ನಿಕಟ್ಟಿಗೆ ಹೋಗಿ ಬರ್ರಿ."

"ಚ್ಯಾಷ್ಟಿ ಮಾಡಬ್ಯಾಡ ಲೀಲಾ," ಎಂದ. ದನಿ ಒದ್ದೆಯಾಗಿತ್ತು.

ಇಳಿಹೊತ್ತಿಗೆ ಬನ್ನಿಕಟ್ಟೆಯ ಕಡೆಗೆ ಊರೇ ಹರಿಯಿತು. ಮುನ್ನೂರಕ್ಕೂ ಹೆಚ್ಚು ಒಳಗಿನವರು, ಕೆಲವರು ಗಾಲಿಕುರ್ಚಿಯಲ್ಲಿ. ಹಸಿರು ಪಟ್ಟಿ ನೋಡಿಕೊಂಡು ಮುಖಕವಚಗಳನ್ನೂ ಕಳಚಿ ಜೇಬಿಗೆ ತುರುಕಿದರು. ಮುಖ ನೋಡಿ ಅಪ್ಪಿಕೊಳ್ಳದಿದ್ದರೆ ಅದೆಂಥ ಬನ್ನಿ? ಶಿವಲೀಲಾ ಕಚೇರಿಯ ಕಿಟಕಿಯಲ್ಲಿ ನಿಂತು ಅವರ ಗದ್ದಲ ಕೇಳುತ್ತ, ಮನಸ್ಸಿನಲ್ಲೇ ದೇವಿಗೆ ಉಡಿ ತುಂಬುವ ಹರಕೆ ಹೊತ್ತಳು.

ಆಗಲೇ ಬಯಲಿನ ಕಡೆಯಿಂದ ಗಾಳಿ ಎದ್ದಿತು. ಮಳೆಯಿಲ್ಲದ ಗುಡುಗು, ಕೆಂಪು ಧೂಳು. ಕಿಟಕಿ ಬಡಿದುಕೊಂಡಿತು. ಅವಳು ಅಭ್ಯಾಸಬಲದಿಂದ ಪರದೆ ನೋಡಿದಳು. ಸೊನ್ನೆ. ಅಷ್ಟು ಜೋರು ಗಾಳಿಗೂ ಸೊನ್ನೆ. ಒಂದು ಕಂಬವೂ ಮಿಸುಕಲಿಲ್ಲ.

"ನದಾಫಣ್ಣ, ಇದೇನಿದು? ಹೊಲದ ಗಾಳಿ ಬೀಸಿದ್ರ ಒಂದರ ಮೂಗು ಮಿಸಕಬೇಕಲ್ಲ?"

ನದಾಫ ಹೊರಗೋಡಿ ಎದುರಿನ ಕಂಬ ನೋಡಿದ. ಹಿಂದಿನ ದಿನದ ಮಾಲೆ ಒಣಗಿ, ಗಾಳಿಗೆ ಹಾರಿ ಮೂಗಿನ ಬಾಯಿಗೇ ಅಂಟಿತ್ತು. ಅವನು ಏಣಿ ಹಾಕಿ ಪೊರೆಯನ್ನು ಬಿಚ್ಚಿ ತಂದು ಅವಳ ಮೇಜಿನ ಮೇಲಿಟ್ಟ. ಬೆಳ್ಳಗಿರಬೇಕಾದ ಪೊರೆ ಹಳದಿಯಾಗಿತ್ತು. ಶಿವಲೀಲಾ ತನ್ನ ಬೆರಳುಗಳನ್ನು ನೋಡಿಕೊಂಡಳು. ರಾತ್ರಿ ಗಂಡ ಸೀನಿದ್ದು, ಅವನ ರೆಪ್ಪೆ ಊದಿದ್ದು ನೆನಪಾಯಿತು. ಮೇಡಂಗೆ ಫೋನ್ ಹಚ್ಚಿದಳು.

"ಮೇಡಂ, ಚೆಂಡು ಹೂವಿಗೂ ಆ ಕಸಕ್ಕೂ ಏನರ ಸಂಬಂಧ ಐತೇನ್ರಿ?"

ಮೇಡಂ ದನಿ ಗುರುತು ಹತ್ತದಂತಾಗಿತ್ತು. "ಎರಡೂ ಒಂದ ಕುಲದವು. ಅಯ್ಯೋ ಶಿವಲೀಲಾ, ಮೊದಲನೇ ಮಾಲಿ ನಾನ ಏರಿಸೇನಲ್ಲ."

ಸಂಗತಿ ಸರಳವಾಗಿತ್ತು. ಮಾಲೆಯ ಪರಾಗವನ್ನು ಪೊರೆಗಳು ಪಾರ್ಥೇನಿಯಂ ಎಂದೇ ತಿಳಿದು ಹಿಡಿದುಕೊಂಡಿದ್ದವು. ಅಂಟುಕಾಗದದ ತುಂಬ ನೊಣ ಮೆತ್ತಿದ ಮೇಲೆ ಹೊಸದಾಗಿ ಬಂದ ನೊಣ ಎಲ್ಲಿ ಕೂರಬೇಕು? ಹಾಗಾದರೆ ಮೂಗುಗಳು ಕೂಗಿಕೊಳ್ಳಬೇಕಿತ್ತಲ್ಲ? ಕೂಗಿಕೊಳ್ಳಲಿಲ್ಲ, ಏಕೆಂದರೆ ಬಂದ್ ಆಗಿ ಮತ್ತೆ ಚಾಲೂ ಆದಾಗಲೆಲ್ಲ ಮೊದಲ ಒಂದು ಗಂಟೆ ಕಂಡದ್ದನ್ನು ಅವು ಹಳೆಯ ಕೊಳೆಯೆಂದು ಲೆಕ್ಕದಿಂದ ಕಳೆದುಬಿಡುತ್ತಿದ್ದವು. ದಿನನಿತ್ಯದ ದುರಸ್ತಿಗೆ ಅನುಕೂಲವಾಗಲೆಂದು ಮಾಡಿದ ಏರ್ಪಾಡು ಅದು. ಪೂಜೆಗೆಂದು ಬಿಡುವು ಕೊಟ್ಟರು, ಮಾಲೆ ಹಾಕಿ ಎಬ್ಬಿಸಿದರು. ಕೈಮುಗಿದು, ಬೆಲ್ಲ ಹಂಚಿ, ಊರಿನ ಮೂಗನ್ನು ತಾವೇ ಮುಚ್ಚಿದ್ದರು.

"ಪೊರಿ ಬದಲಿ ಮಾಡಾಕ ಒಂದೊಂದಕ್ಕ ಒಂದೊಂದು ತಾಸು ಬೇಕ್ರೀ," ಎಂದ ನದಾಫ.

ಶಿವಲೀಲಾ ಕೆಂಪು ಒತ್ತಿದಳು. ಬನ್ನಿಕಟ್ಟೆಯ ಗದ್ದಲ ಒಮ್ಮೆಲೇ ಬೇರೆಯಾಯಿತು. ಅಷ್ಟು ದೂರದಿಂದಲೂ ಕಿರುಚಾಟ ಕೇಳಿಸಿತು. ಅವಳ ಫೋನ್ ರಿಂಗಾಯಿತು.

"ಏನಾತು ಲೀಲಾ? ಎಲ್ಲಾರ ಪಟ್ಟಿ ಒಮ್ಮಿಗೇ ಕೆಂಪಾದುವಲ್ಲ?" ಫಕೀರಪ್ಪ ಏದುಸಿರು ಬಿಡುತ್ತಿದ್ದ.

ಅವಳು ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಮಾಲೆ ಕಟ್ಟಿದ್ದು ತಾನೇ ಎಂಬುದನ್ನೂ ಹೇಳಿದಳು. ಬನ್ನಿಕಟ್ಟೆಯ ಸುತ್ತ ಬರೀ ಹೊಲ; ಅಲ್ಲೇ ನಿಂತರೆ ಮೋಡ ನೇರವಾಗಿ ಮೇಲೆ ಬರುತ್ತದೆ. ಹತ್ತಿರದ ಮನೆಗಳೆಲ್ಲ ಹಂಚಿನವು, ಗಾಳಿ ನುಗ್ಗುವ ಸಂದಿಗಳಿದ್ದವು; ಒಳಗಿನವರ ಮನೆಗಳು ಇನ್ನೂ ದೂರ. ಇನ್ನು ಉಳಿದದ್ದು ಊರ ನಡುವಿನ ಬಂದ್ ಹಾಲ್ ಒಂದೇ. ಅದಕ್ಕೆ ಎರಡು ದಾರಿ, ಪ್ಯಾಟಿ ಓಣಿ ಇಲ್ಲವೇ ಕೆರೆಯ ದಂಡೆ. ಪರಾಗ ಹೊತ್ತ ಗಾಳಿ ಯಾವುದರಲ್ಲಿ ನುಗ್ಗಿದೆಯೋ ಹೇಳುವ ಮೂಗು ಊರಿನಲ್ಲಿ ಒಂದೂ ಇರಲಿಲ್ಲ. ಎಲ್ಲರೂ ಮತ್ತೆ ಏರಿಸಿಕೊಂಡ ಕವಚ ಗಾಳಿಯಲ್ಲಿನ ತೆಳು ಪರಾಗವನ್ನು ತಡೆದೀತು, ದಟ್ಟ ಮೋಡವನ್ನಲ್ಲ.

"ಕಂಬಗೋಳು ಸತ್ತಾವು ಅಂದಿ. ನಾ ಸತ್ತಿಲ್ಲಲ್ಲ," ಎಂದ ಫಕೀರಪ್ಪ.

"ಏನಂದ್ರಿ?"

"ನನ್ನಷ್ಟು ಚುರುಕ ಮೂಗು ಊರಾಗ ಯಾರಿಗೈತಿ? ಮುಂದ ಮುಂದ ನಾ ನಡಿತೀನಿ. ಗಂಟಲಾ ಕೆರಿಯಾಕ ಹತ್ತಿದ್ರ ಅಲ್ಲಿ ಐತಿ ಅಂತ ತಿಳ್ಕೊ. ನೀ ಎಲ್ಲಾರ ಪಟ್ಟಿಗೆ ದಾರಿ ಹೇಳು."

"ಬ್ಯಾಡ್ರೀ. ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ."

"ಮತ್ಯಾರು ಅದಾರ? ಹೊರಗಿನವರಿಗೆ ಧೂಳಿಗೂ ಸೀನು, ಕಸಕ್ಕೂ ಸೀನು. ನೀನ ಹೇಳು. ಎಲ್ಯಾರ ಮತ್ತೊಂದು ಮೂಗು ಇದ್ರ ಹೇಳು, ನಾ ಸುಮ್ನ ಕೂಡ್ತೀನಿ."

ಪರದೆಯ ಮೇಲೆ ಮುನ್ನೂರು ಕೆಂಪು ಚುಕ್ಕೆಗಳು ಬನ್ನಿಕಟ್ಟೆಯ ಹತ್ತಿರ ಇರುವೆಗಳಂತೆ ಸುತ್ತುತ್ತಿದ್ದವು. ಒಂದು ಚುಕ್ಕೆ ಅವನು. ಜೋರಾಗಿ ಅಳಬೇಕೆನ್ನಿಸಿತು, ಮೇಜಿಗೆ ತಲೆ ಚಚ್ಚಿಕೊಳ್ಳಬೇಕೆನ್ನಿಸಿತು. ಹೊರಗೆ ಮತ್ತೊಮ್ಮೆ ಗುಡುಗಿತು.

"ಜೀವದ ಸೂಜಿ ಎಷ್ಟ ಅದಾವು?"

"ಎರಡು."

"ಪ್ಯಾಟಿ ಓಣಿ ಬಾಯಿಗೆ ಹೋಗ್ರಿ," ಎಂದಳು ಶಿವಲೀಲಾ. "ಮಾಸ್ಕ್ ತಗೀರಿ."

ಅವನು ನಡೆದ. ಅವನ ಚಪ್ಪಲಿಯ ಸಪ್ಪಳ, ಉಸಿರು, ಎರಡೂ ಅವಳ ಕಿವಿಯಲ್ಲಿ. ಓಣಿಯ ಬಾಯಿಯಲ್ಲಿ ನಿಂತು ಎದೆ ತುಂಬ ಉಸಿರೆಳೆದುಕೊಂಡದ್ದು ಕೇಳಿಸಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಮ್ಮು, ಬಿಡದ ಕೆಮ್ಮು.

"ಇಲ್ಲೈತಿ," ಎಂದ. "ತುಂಬೇತಿ ಲೀಲಾ. ಯಾರನ್ನೂ ಬಿಡಬ್ಯಾಡ."

ಅವಳು ಪ್ಯಾಟಿ ಓಣಿಯನ್ನು ಮುಚ್ಚಿ ಜನರನ್ನು ಕೆರೆಯ ಕಡೆಗೆ ತಿರುಗಿಸಿದಳು. ಮೊದಲನೆಯ ಸೂಜಿಯನ್ನು ಅವನು ತೊಡೆಗೆ ಚುಚ್ಚಿಕೊಂಡ. ಓಡುತ್ತ ಕೆರೆಯ ದಂಡೆಗೆ ಬಂದು ಮತ್ತೆ ಎಲ್ಲರಿಗಿಂತ ಮುಂದಾದ. ದಂಡೆಯ ಮೇಲೆ ಗಾಳಿ ತಿಳಿಯಾಗಿತ್ತು. ಹಿಂದಿನಿಂದ ಗಾಲಿಕುರ್ಚಿಗಳು, ಮಕ್ಕಳನ್ನು ಹೊತ್ತವರು, ಸೆರಗಿನಿಂದ ಮುಖ ಮುಚ್ಚಿಕೊಂಡ ಮುದುಕಿಯರು. ನದಾಫ ಮೋಟರ್‌ಸೈಕಲ್ ಹತ್ತಿ ಅತ್ತ ಓಡಿದ್ದ. ದಂಡೆ ಮುಗಿದಲ್ಲಿ ಊರ ಹೆಬ್ಬಾಗಿಲು, ಅಗಸಿ ಬರುತ್ತದೆ, ಅದನ್ನು ದಾಟಿದರೆ ಹಾಲ್. ಅಗಸಿಯಲ್ಲಿ ನಾಲ್ಕು ಕಡೆಯ ಗಾಳಿ ಕೂಡುತ್ತದೆ. ಅಲ್ಲಿಗೆ ಬಂದಾಗ ಅವನ ಉಸಿರಿನಲ್ಲಿ ಸೀಟಿಯಂಥ ಸದ್ದು ಕೇಳಿಸತೊಡಗಿತು.

"ಹೋಲ್ಡಾನ್!" ಎಂದು ಕೂಗಿದ. ಬಸ್ಸಿನಲ್ಲಿ ಕೂಗುತ್ತಿದ್ದ ಹಾಗೇ. "ಪ್ಯಾಟಿ ಕಡಿ ಗಾಳಿ ಇತ್ತ ಹೊಳ್ಳೇತಿ. ನಿಲ್ಲಸು."

ಅವಳು ನಿಲ್ಲಿಸಿದಳು. ಮುನ್ನೂರು ಜನ ದಂಡೆಯ ಮೇಲೆ ನಿಂತರು. ಅವನೊಬ್ಬ ಅಗಸಿಯಲ್ಲಿ, ಗಾಳಿಯ ನಡುವೆ, ಬರಿಮುಖದಲ್ಲಿ.

"ನೀವು ಹಿಂದ ಸರೀರಿ, ಹೊಳ್ಳಿ ಬರ್ರಿ!"

"ಹಿಂದ ಸರದ್ರ ಗಾಳಿ ಯಾವಾಗ ಬಿಡ್ತು ಅಂತ ಹೆಂಗ ತಿಳೀಬೇಕು?"

ಎರಡನೆಯ ಸೂಜಿಯ ಸದ್ದಾಯಿತು. ಆಮೇಲೆ ಅವನು ಮಾತಾಡಲಿಲ್ಲ. ಉಸಿರೆಳೆದುಕೊಳ್ಳುವ ಸದ್ದು ಮಾತ್ರ, ಒಂದಕ್ಕಿಂತ ಒಂದು ಸಣ್ಣದು. ಶಿವಲೀಲಾ ಪ್ರತಿಯೊಂದನ್ನೂ ಕೇಳಿದಳು. ಯಾವ ಹೆಂಗಸಿಗೂ ಗಂಡನ ಉಸಿರನ್ನು ಹಾಗೆ ಕೇಳುವ ಹೊತ್ತು ಬರಬಾರದು. ಗಾಳಿ ಸರಿದಂತೆ ಸೀಟಿಯ ಸದ್ದು ಇಳಿಯುತ್ತದೋ ಎಂದು ಕಾದಳು. ಒಂದು ಕ್ಷಣ ಇಳಿಯಿತು.

"ರೈಟ್," ಎಂದ. ಮಾತು ತೊದಲಿತು. "ರೈಟ್, ರೈಟ್."

ಅವಳು ಎಲ್ಲರಿಗೂ ದಾರಿ ಬಿಟ್ಟಳು. ಚುಕ್ಕೆಗಳು ಅಗಸಿಯಲ್ಲಿ ನುಗ್ಗಿ, ದಾಟಿ, ಹಾಲ್‌ನೊಳಗೆ ಒಂದೊಂದಾಗಿ ಸೇರಿಕೊಂಡವು. ಹಿಂದುಳಿದ ಒಂದು ಗಾಲಿಕುರ್ಚಿಗೆ ಅವಳು ಬಲಕ್ಕೆ, ಎಡಕ್ಕೆ ಎಂದು ಹೇಳುತ್ತಲೇ ಇದ್ದಳು. ಇನ್ನೊಂದು ಕಿವಿಯಲ್ಲಿ ಯಾವ ಸದ್ದೂ ಇರಲಿಲ್ಲ. ಎದ್ದು ಓಡಬೇಕಿತ್ತು, ಓಡಲಿಲ್ಲ; ಕೊನೆಯ ಕುರ್ಚಿ ಒಳಗೆ ಹೋಗಿ ಹಾಲ್‌ನ ಬಾಗಿಲು ಮುಚ್ಚುವವರೆಗೂ ಕುಳಿತೇ ಇದ್ದಳು. ಆಗ ನದಾಫನ ಫೋನ್ ಬಂತು. ಗಂಡಸು ಹಾಗೆ ಅಳುವುದನ್ನು ಅವಳು ಅಂದಿನವರೆಗೂ ಕೇಳಿರಲಿಲ್ಲ.

ನಡುರಾತ್ರಿ ಮಳೆ ಸುರಿದು ಗಾಳಿ ತೊಳೆದಾಗ ಹಾಲ್‌ನಲ್ಲಿದ್ದವರೆಲ್ಲ ಮನೆ ಸೇರಿಕೊಂಡಿದ್ದರು. ಮರುದಿನ ಬೆಳಿಗ್ಗೆ ಊರಿನ ಎಲ್ಲ ಒಳಗಿನವರಿಂದಲೂ ಕಚೇರಿಗೆ ಒಂದೇ ಪ್ರಶ್ನೆ. ಮಣ್ಣಿಗೆ ಬರಬಹುದೇ? ಫಕೀರಪ್ಪನನ್ನು ಮಣ್ಣು ಮಾಡಿ ಕಳಿಸಿಕೊಡಲು ಒಂದರ್ಧ ತಾಸು ಹಸಿರು ಸಿಗಬಹುದೇ? ನದಾಫ ರಾತ್ರಿಯಿಡೀ ದುಡಿದು ಪೊರೆ ಬದಲಿಸಿದ ಮೂಗುಗಳು ಮೂರೇ ಮೂರು, ಮೂರೂ ಮತ್ತೆ ಜೋರಾಗಿ ಕೂಗುತ್ತಿದ್ದವು. ಮೇಡಂ ಕೆಂಪು ಒತ್ತಲು ಕೈ ಬಾರದೆ ಸುಮ್ಮನೆ ಕೂತಿದ್ದರು. ಶಿವಲೀಲಾ ಗಂಡನ ಹೆಣವನ್ನು ಪದ್ಧತಿಯಂತೆ ಗೋಡೆಗೊರಗಿಸಿ ಕೂರಿಸಿ ಬಂದವಳು, ಮಾಸಿದ ಸೀರೆಯಲ್ಲೇ ಕಚೇರಿಗೆ ನಡೆದು ಹೋಗಿ, ತಾನೇ ಕೆಂಪು ಒತ್ತಿ ಬಂದಳು.

ಹೀಗಾಗಿ ಅವನ ಹಿಂದೆ ನಡೆದವರು ಕೆಲವೇ ಜನ. ಹೊರಗಿನವರಲ್ಲೂ ಬಹಳ ಮಂದಿ ಮನೆಯ ಒಳಗಿನವರನ್ನು ನೋಡಿಕೊಳ್ಳುತ್ತಿದ್ದರು. ಭಜನೆಯವರು ನಾಲ್ವರು, ನದಾಫ, ಮೇಡಂ, ಹೊತ್ತವರು, ಅವಳು. ಓಣಿಯುದ್ದಕ್ಕೂ ಎರಡೂ ಬದಿಯ ಕಿಟಕಿಗಳಲ್ಲಿ ಜನ ನಿಂತಿದ್ದರು. ಮುಚ್ಚಿದ ಗಾಜಿನ ಹಿಂದೆ ಅವರು ಕೈಮುಗಿಯುವುದು ಕಾಣುತ್ತಿತ್ತು, ಅಳುವುದು ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಶಿವಲೀಲಾ ಯಾರ ಮುಖವನ್ನೂ ನೋಡಲಿಲ್ಲ. ರಾತ್ರಿಯಿಂದ ಅವಳ ಕಣ್ಣಿಂದ ಒಂದು ಹನಿಯೂ ಬಿದ್ದಿರಲಿಲ್ಲ.

ತಿರುವಿನ ಮನೆಯಲ್ಲಿ, ಹಿಂದಿನ ಸಂಜೆ ಎಲ್ಲರಿಗಿಂತ ಕೊನೆಗೆ ಹಾಲ್ ಸೇರಿದ ಗಾಲಿಕುರ್ಚಿಯ ಮುದುಕಿ ತಡೆದುಕೊಳ್ಳಲಾರದೆ ಕಿಟಕಿಯ ಚಿಲಕ ತೆಗೆದಳು. ಗಾಜು ಒಂದು ಗೇಣು ತೆರೆಯಿತು. "ಫಕೀರಪ್ಪಾ, ನನ್ನಪ್ಪಾ!" ಎಂಬ ಅಳು ಓಣಿಗೆ ಬಿತ್ತು.

ಶಿವಲೀಲಾ ಹೆಣದ ಹಿಂದಿನಿಂದ ಓಡಿದಳು. ಎರಡೂ ಕೈಯಿಂದ ಆ ಗಾಜನ್ನು ದಬ್ಬಿ ಹಿಡಿದಳು.

"ಮುಚ್ಚ್ರೀ! ಕಿಟಕಿ ಮುಚ್ಚ್ರೀ ಮೊದಲ! ಅಂವ ಯಾಕ ಸತ್ತ ಅಂತ ಅರ್ಥ ಆಗವಲ್ದೇನು ನಿಮಗ?"

ಒಳಗೆ ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೂ ಅವಳು ಗಾಜಿನಿಂದ ಕೈ ತೆಗೆಯಲಿಲ್ಲ. ಅಲ್ಲೇ ಹಣೆಯಿಟ್ಟು, ಆಗ ಅತ್ತಳು. ಗಾಜಿನ ಆಚೆ ಮುದುಕಿಯೂ ಅಳುತ್ತಿದ್ದಳು. ಹೊತ್ತವರು ಅವಳಿಗಾಗಿ ತಿರುವಿನಲ್ಲಿ ನಿಂತರು.